ಗೋದಿ ಒಲ್ಲದ ಹೊಟ್ಟೆ

(ಅಕ್ಕಲಕೋಟ ತಾಲೂಕಿನ ಒಂದು ಸಂಜೆ ವರ್ಗದಲ್ಲಿ ನಿವೃತ್ತ ನರ್ಸಬಾಯಿಯೊಬ್ಬರು ಆಡಿದ ಮಾತು)



ನಿಮ್ಮ ಗುರುಗಳು ಫೋನ್ ಮಾಡಿ, "ಬಾಯಾರ, ಆರೋಗ್ಯದ ಬಗ್ಗೆ ಒಂದಿಷ್ಟು ಹೇಳ್ರಿ" ಅಂದರು. ಸಕ್ಕರೆ ಬೇನೆ, ಬಿ.ಪಿ. ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಇವತ್ತು ನಾನು ಬೇರೆ ಒಂದು ಬೇನೆಯ ಬಗ್ಗೆ ಹೇಳುತ್ತೇನೆ. ಅದರ ಹೆಸರು ಸಿಲಿಯಾಕ್. ಹೆಸರು ಪರದೇಶದ್ದು. ಬೇನೆ ಮಾತ್ರ ನಮ್ಮ ಓಣಿಯಲ್ಲೂ ಇರಬಹುದು. ಎಲ್ಲರೂ ಒಮ್ಮೆ ಹೇಳ್ರಿ ನೋಡೋಣ. ಸಿ-ಲಿ-ಯಾಕ್. ಇನ್ನು ಹಲಗೆಯ ಮೇಲೆ ಓದ್ರಿ. ಸಿಲಿಯಾಕ್.

ಈ ಬೇನೆ ಇದ್ದವರಿಗೆ ಗೋದಿ ಆಗುವುದಿಲ್ಲ. ಚಪಾತಿ ಆಗುವುದಿಲ್ಲ, ಬ್ರೆಡ್ ಆಗುವುದಿಲ್ಲ, ಬಿಸ್ಕೀಟು ಆಗುವುದಿಲ್ಲ. ಒಂದು ದಿನ ಎರಡು ದಿನದ ಮಾತಲ್ಲ, ಜೀವ ಇರುವ ತನಕ.

ಹಿಟ್ಟಿನೊಳಗಿನ ಅಂಟು

ಗೋದಿ ಹಿಟ್ಟನ್ನು ನಾದಿದರೆ ಅದು ಎಳೆದಂತೆ ಹಿಗ್ಗುತ್ತದೆ. ಲಟ್ಟಣಿಗೆ ಹಿಡಿದು ಲಟ್ಟಿಸಿದರೆ ತೆಳ್ಳಗೆ ಆಗುತ್ತದೆ, ಹರಿಯುವುದಿಲ್ಲ. ಜೋಳದ ಹಿಟ್ಟು ಹಾಗೆ ಹಿಗ್ಗುತ್ತದೆಯೇ? ಇಲ್ಲ. ಅದಕ್ಕೇ ನೀವು ಕುದಿಯುವ ನೀರು ಹಾಕಿ ನಾದುತ್ತೀರಿ, ಕೈಯಿಂದ ಬಡಿಯುತ್ತೀರಿ. ಹೊಸದಾಗಿ ಕಲಿಯುವ ಹುಡುಗಿ ಬಡಿದ ರೊಟ್ಟಿ ನಡುವೆಯೇ ಸೀಳುತ್ತದೆ.

ಯಾಕೆ ಹೀಗೆ? ಗೋದಿಯಲ್ಲಿ ಒಂದು ಅಂಟು ಇದೆ. ಜೋಳದಲ್ಲಿ ಅದು ಇಲ್ಲ. ಮನೆಗೆ ಹೋಗಿ ಬೇಕಾದರೆ ನೋಡ್ರಿ. ನಾದಿದ ಗೋದಿ ಹಿಟ್ಟಿನ ಒಂದು ಉಂಡೆಯನ್ನು ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆಯಿರಿ. ಬಿಳಿ ನೀರು ಹೋಗುತ್ತದೆ. ಕೊನೆಗೆ ಕೈಯಲ್ಲಿ ರಬ್ಬರಿನಂಥ ಒಂದು ಮುದ್ದೆ ಉಳಿಯುತ್ತದೆ. ಅದೇ ಆ ಅಂಟು. ಡಾಕ್ಟರು ಅದಕ್ಕೆ ಗ್ಲುಟೆನ್ ಅನ್ನುತ್ತಾರೆ. ಗೋದಿಯಲ್ಲಿ, ಬಾರ್ಲಿಯಲ್ಲಿ, ರೈ ಎನ್ನುವ ಪರದೇಶದ ಒಂದು ಕಾಳಿನಲ್ಲಿ ಇಂಥ ಅಂಟು ಇದೆ.

ನಮಗೆ ನಿಮಗೆ ಈ ಅಂಟಿನಿಂದ ಏನೂ ತೊಂದರೆ ಇಲ್ಲ. ಸಿಲಿಯಾಕ್ ಇದ್ದವರ ಮೈ ಮಾತ್ರ ಅದನ್ನು ವೈರಿ ಅಂತ ತಿಳಿಯುತ್ತದೆ. ವೈರಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಆ ಜಗಳದಲ್ಲಿ ಹಾಳಾಗುವುದು ಅವರದೇ ಕರುಳು.

ಕರುಳು ಹೇಗೆ ಹಾಳಾಗುತ್ತದೆ? ನಮ್ಮ ಸೋಲಾಪುರದ ಟವೆಲ್ ಎಲ್ಲರೂ ನೋಡಿದ್ದೀರಿ. ನಿಮ್ಮಲ್ಲಿ ಕೆಲವರು ಮಗ್ಗದ ಮೇಲೆ ಕೆಲಸವನ್ನೂ ಮಾಡಿದ್ದೀರಿ. ಹೊಸ ಟವೆಲಿನ ಮೇಲೆ ಸಣ್ಣ ಸಣ್ಣ ನೂಲಿನ ಕುಣಿಕೆಗಳು ಎದ್ದು ನಿಂತಿರುತ್ತವೆ. ಅದಕ್ಕೇ ಅದು ನೀರನ್ನು ಚೆನ್ನಾಗಿ ಹೀರುತ್ತದೆ. ನಮ್ಮ ಸಣ್ಣ ಕರುಳಿನ ಒಳಮೈ ಕೂಡ ಹಾಗೇ ಇದೆ. ಬೆರಳಿನಂಥ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ತಿಂದ ಅನ್ನದ ಸಾರವನ್ನು ಅವೇ ಹೀರುತ್ತವೆ. ಸಿಲಿಯಾಕ್ ಇದ್ದವರು ಗೋದಿ ತಿನ್ನುತ್ತಾ ಹೋದರೆ ಆ ಎಳೆಗಳು ಸವೆದು ಚಪ್ಪಟೆ ಆಗುತ್ತವೆ. ಹತ್ತು ವರ್ಷ ಒಗೆದ ಟವೆಲ್ ಹಾಗೆ. ಆಮೇಲೆ ಹಾಲು ಕುಡಿದರೂ ತತ್ತಿ ತಿಂದರೂ ಮೈಗೆ ಹತ್ತುವುದಿಲ್ಲ.

ಒಂದು ಹುಡುಗಿಯ ಮಾತು

ನನ್ನ ಅಕ್ಕನ ಮಗಳ ಮಾತು ಹೇಳುತ್ತೇನೆ. ಅವಳೇ "ಹೇಳು ಮಾವಶಿ" ಅಂದಿದ್ದಾಳೆ. ಹೆಸರು ಬೇಡ.

ಹುಡುಗಿಗೆ ಹದಿನಾಲ್ಕು ವರ್ಷ ಆಗಿತ್ತು. ನೋಡಿದವರು ಒಂಬತ್ತು ವರ್ಷದ ಕೂಸು ಅನ್ನುತ್ತಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ಬಾಯಲ್ಲಿ ಹುಣ್ಣು. ತಿಂಗಳಲ್ಲಿ ಎಂಟು ದಿನ ಭೇದಿ. ಮುಖ ಸುಣ್ಣ ಬಳಿದಂತೆ. ಇನ್ನೂ ದೊಡ್ಡವಳಾಗಿರಲಿಲ್ಲ. ಶಾಲೆಯ ಮೆಟ್ಟಿಲು ಏರಿದರೆ ಏದುಸಿರು. ಜಂತಿನ ಗುಳಿಗೆ ಕೊಟ್ಟರು. ಕಬ್ಬಿಣದ ಗುಳಿಗೆ ಕೊಟ್ಟರು, ಒಂದು ವರ್ಷ ಅಲ್ಲ, ಮೂರು ವರ್ಷ. ಒಮ್ಮೆ ರಕ್ತವನ್ನೂ ಏರಿಸಿದರು. ಎರಡು ತಿಂಗಳು ಸ್ವಲ್ಪ ಕೆಂಪಗೆ ಆದಳು, ಮತ್ತೆ ಅದೇ ಹಾಡು.

ಊರಿನವರ ಬಾಯಿ ಸುಮ್ಮನೆ ಇರುತ್ತದೆಯೇ? "ದೃಷ್ಟಿ ಆಗೇತಿ" ಅಂದರು. "ಹೊರಗಿಂದು ಏನೋ ತಟ್ಟೇತಿ, ತಾಯತ ಕಟ್ಟಸ್ರಿ" ಅಂದರು. "ತಾಯಿ ಸರಿಯಾಗಿ ಉಣಿಸೂದಿಲ್ಲ" ಅಂದವರೂ ಇದ್ದರು. ನಮ್ಮ ಅಕ್ಕನಿಗೆ ಈ ಕೊನೆಯ ಮಾತು ಬಾಣದಂತೆ ನಾಟಿತು. ಯಾಕೆಂದರೆ ಆಕೆ ತಾನು ಅರೆಹೊಟ್ಟೆ ಇದ್ದು ಮಗಳಿಗೆ ಉಣಿಸುತ್ತಿದ್ದಳು. ಶಕ್ತಿ ಬರಲಿ ಅಂತ ತುಪ್ಪ ಹಚ್ಚಿದ ಚಪಾತಿ ಉಣಿಸುತ್ತಿದ್ದಳು!

ಕೊನೆಗೆ ಒಬ್ಬ ಮಕ್ಕಳ ಡಾಕ್ಟರು, "ಕಬ್ಬಿಣ ಕೊಟ್ಟರೂ ರಕ್ತ ಯಾಕೆ ಏರುತ್ತಿಲ್ಲ?" ಎಂಬ ಪ್ರಶ್ನೆ ಕೇಳಿದರು. ಕೇಳಬೇಕಾದ ಪ್ರಶ್ನೆ ಅದೇ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಬೇನೆ ಸಿಕ್ಕಿತು.

ಗೋದಿ ಬಿಡಿಸಿದ ಮೂರನೆಯ ವಾರ ಭೇದಿ ನಿಂತಿತು. ಆರು ತಿಂಗಳಲ್ಲಿ ಹಳೆಯ ಲಂಗ ಗಿಡ್ಡ ಆಯಿತು. ಒಂದು ವರ್ಷದೊಳಗೆ ದೊಡ್ಡವಳಾದಳು. ಅವತ್ತು ಆರತಿ ಮಾಡಿದಾಗ ನಮ್ಮ ಅಕ್ಕ ಅತ್ತದ್ದನ್ನು ನಾನು ಹೇಳಲಾರೆ.

ಗುರುತು ಏನು?

ಎಲ್ಲರಿಗೂ ಒಂದೇ ಗುರುತು ಇರುವುದಿಲ್ಲ. ಕೆಲವು ಮಕ್ಕಳಿಗೆ ಭೇದಿ, ಹೊಟ್ಟೆ ಉಬ್ಬರ. ಕೆಲವು ಮಕ್ಕಳಿಗೆ ಹೊಟ್ಟೆಯ ತೊಂದರೆಯೇ ಇಲ್ಲ, ಎತ್ತರ ಬೆಳೆಯುವುದಿಲ್ಲ ಅಷ್ಟೇ. ದೊಡ್ಡವರಲ್ಲಿ ರಕ್ತ ಕಡಿಮೆ, ಸುಸ್ತು, ಎಲುಬು ನೋವು, ಮತ್ತೆ ಮತ್ತೆ ಬರುವ ಬಾಯಿ ಹುಣ್ಣು. ಕೆಲವರಿಗೆ ಮೊಣಕೈ ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ. ಕೆಲವು ಹೆಣ್ಣುಮಕ್ಕಳಿಗೆ ಬಸಿರು ನಿಲ್ಲುವುದಿಲ್ಲ, ಮೇಲಿಂದ ಮೇಲೆ ಗರ್ಭ ಇಳಿಯುತ್ತದೆ. ಇದು ಕೂಸಿಗೂ ಬರಬಹುದು, ಅರವತ್ತು ವರ್ಷದ ಮುದುಕರಿಗೂ ಬರಬಹುದು.

ಇಂಥ ಗುರುತು ಬೇರೆ ಹತ್ತು ಬೇನೆಗೂ ಇರುತ್ತವೆ. ಆದ್ದರಿಂದ ನನ್ನ ಮಾತು ಕೇಳಿ ಮನೆಗೆ ಹೋಗಿ ನೀವೇ ಡಾಕ್ಟರ್ ಆಗಬ್ಯಾಡ್ರಿ. ದವಾಖಾನೆಗೆ ಹೋಗಿ ಕೇಳ್ರಿ. ರಕ್ತ ಪರೀಕ್ಷೆಯ ಹೆಸರು ಟಿ.ಟಿ.ಜಿ. ಮೂರೇ ಅಕ್ಷರ. ಬರೆದುಕೊಳ್ಳಿ. ಅದರಲ್ಲಿ ಬೇನೆಯ ಸುಳಿವು ಸಿಕ್ಕರೆ ಬಹಳ ಸಲ ಎಂಡೋಸ್ಕೋಪಿ ಮಾಡುತ್ತಾರೆ. ತೆಳುವಾದ ನಳಿಕೆಯನ್ನು ಬಾಯಿಂದ ಬಿಟ್ಟು ಕರುಳಿನ ಸಣ್ಣ ಚೂರು ತೆಗೆದು ನೋಡುತ್ತಾರೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪರೀಕ್ಷೆ ಆಗುವ ಮೊದಲು ಗೋದಿ ಬಿಡಬ್ಯಾಡ್ರಿ. ಬಿಟ್ಟರೆ ಕರುಳು ಸುಧಾರಿಸಲು ಶುರು ಮಾಡುತ್ತದೆ, ಪರೀಕ್ಷೆಯಲ್ಲಿ ಬೇನೆ ಕಾಣದೆ ಹೋಗುತ್ತದೆ. ಆಮೇಲೆ ಹೌದೋ ಅಲ್ಲವೋ ಎಂದು ತಿಳಿಯಲು ಮತ್ತೆ ಕೆಲವು ವಾರ ಗೋದಿ ತಿನ್ನಬೇಕಾಗುತ್ತದೆ.

ಮನೆಯಲ್ಲಿ ಒಬ್ಬರಿಗೆ ಇದ್ದರೆ ಅವರ ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಬೇಕು. ರಕ್ತಸಂಬಂಧದಲ್ಲಿ ಹತ್ತು ಹದಿನೈದು ಜನರಲ್ಲಿ ಒಬ್ಬರಿಗೆ ಇರುತ್ತದೆ. ನಮ್ಮ ಅಕ್ಕನ ಸಣ್ಣ ಮಗನಿಗೂ ಇತ್ತು. ಅವನಿಗೆ ಒಂದು ದಿನವೂ ಭೇದಿ ಆಗಿರಲಿಲ್ಲ.

ಸಿಲಿಯಾಕ್ ಅಂಟುರೋಗ ಅಲ್ಲ. ಅಂಟು ಇರುವುದು ಗೋದಿಯಲ್ಲಿ, ಬೇನೆಯಲ್ಲಿ ಅಲ್ಲ. ಒಂದೇ ತಾಟಿನಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ.

ಯುದ್ಧದ ಕಾಲದಲ್ಲಿ ತಿಳಿದ ಗುಟ್ಟು

ಗೋದಿಯೇ ಕಾರಣ ಎಂದು ಹೇಗೆ ತಿಳಿಯಿತು? ಇದು ಕೇಳುವಂಥ ಕಥೆ. ಕಥೆ ಅಂದರೂ ನಡೆದದ್ದು.

ಯುರೋಪಿನಲ್ಲಿ ಹಾಲೆಂಡ್ ಎಂಬ ದೇಶ ಇದೆ. ಅಲ್ಲಿ ವಿಲ್ಲೆಮ್ ಡಿಕೆ ಎಂಬ ಮಕ್ಕಳ ಡಾಕ್ಟರು ಇದ್ದರು. ಇಂಥ ಸೊರಗಿದ ಮಕ್ಕಳು ಅವರ ದವಾಖಾನೆಯಲ್ಲಿ ಇದ್ದರು. ಆಗ ಇಂಥ ಮಕ್ಕಳಲ್ಲಿ ಎಷ್ಟೋ ಮಂದಿ ಸಾಯುತ್ತಿದ್ದರು. ಬಾಳೆಹಣ್ಣು ತಿನ್ನಿಸಿದರೆ ಕೆಲವರು ಚೇತರಿಸುತ್ತಾರೆ ಎಂದಷ್ಟೇ ಡಾಕ್ಟರುಗಳಿಗೆ ಗೊತ್ತಿತ್ತು. ಯಾಕೆ ಎಂದು ಗೊತ್ತಿರಲಿಲ್ಲ. ಡಿಕೆಯವರಿಗೆ ಮಾತ್ರ ಬ್ರೆಡ್ಡಿನ ಮೇಲೆ ಮೊದಲಿಂದಲೂ ಸಂಶಯ ಇತ್ತು.

ಎರಡನೆಯ ಮಹಾಯುದ್ಧ ಬಂತು. 1944ರ ಚಳಿಗಾಲದಲ್ಲಿ ಜರ್ಮನಿಯ ಸೈನ್ಯ ಹಾಲೆಂಡಿಗೆ ಕಾಳುಕಡಿ ಹೋಗದಂತೆ ತಡೆಯಿತು. ಜನ ಹೂವಿನ ಗಡ್ಡೆ ಬೇಯಿಸಿ ತಿಂದರು. ಸಾವಿರಾರು ಜನ ಹಸಿವಿನಿಂದ ಸತ್ತರು. ಬ್ರೆಡ್ ಸಿಗುತ್ತಿರಲಿಲ್ಲ. ಊರೆಲ್ಲ ಸೊರಗುತ್ತಿದ್ದಾಗ ಈ ಬೇನೆಯ ಮಕ್ಕಳು ಮಾತ್ರ ಸುಧಾರಿಸಿದರು! ಯುದ್ಧ ಮುಗಿಯಿತು. ಬ್ರೆಡ್ ಮತ್ತೆ ಬಂತು. ಎಲ್ಲರ ಮುಖದಲ್ಲಿ ಕಳೆ ಬಂತು, ಆ ಮಕ್ಕಳು ಮತ್ತೆ ಮಲಗಿದರು. ಡಿಕೆಯವರ ಸಂಶಯ ಗಟ್ಟಿ ಆಯಿತು. ಮಕ್ಕಳಿಗೆ ಒಮ್ಮೆ ಗೋದಿ ಕೊಟ್ಟು, ಒಮ್ಮೆ ಬಿಡಿಸಿ, ಎಲ್ಲ ಬರೆದಿಟ್ಟು, 1950ರಲ್ಲಿ ಪ್ರಬಂಧ ಬರೆದರು. ಎರಡು ವರ್ಷದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಡಾಕ್ಟರುಗಳು, ದೋಷ ಗೋದಿಯ ಅಂಟಿನಲ್ಲಿದೆ ಎಂದು ತೋರಿಸಿಕೊಟ್ಟರು.

ನಮ್ಮ ದೇಶದ ಲೆಕ್ಕವನ್ನೂ ಹೇಳುತ್ತೇನೆ. 2016ರಲ್ಲಿ ಒಂದು ದೊಡ್ಡ ಅಧ್ಯಯನದ ವರದಿ ಬಂತು. 23 ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿದ್ದರು. ಉತ್ತರ ಭಾರತದಲ್ಲಿ ಸಾವಿರ ಜನರಲ್ಲಿ ಸುಮಾರು 12 ಜನರ ರಕ್ತದಲ್ಲಿ ಈ ಬೇನೆಯ ಗುರುತು ಇತ್ತು. ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಹುಟ್ಟಿನಿಂದ ಬರುವ ಗುಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಲಿಯವರು ದಿನಕ್ಕೆ ಸರಾಸರಿ 455 ಗ್ರಾಂ ಗೋದಿ ತಿನ್ನುತ್ತಿದ್ದರು, ಇಲ್ಲಿಯವರು 25 ಗ್ರಾಂ. ನಾವು ನಡುವಿನ ಸೀಮೆಯವರು. ನಮ್ಮ ಅಜ್ಜಿಯರ ಕಾಲದಲ್ಲಿ ಚಪಾತಿ ಅಂದರೆ ಹಬ್ಬಕ್ಕೆ, ಬೀಗರು ಬಂದರೆ. ಈಗ ರೇಶನ್ನಿನಲ್ಲಿ ಗೋದಿ, ಮಕ್ಕಳ ಡಬ್ಬಿಯಲ್ಲಿ ಚಪಾತಿ, ಚಹಾದ ಜೊತೆ ಬಿಸ್ಕೀಟು. ಹಿಂದೆ ಮುಚ್ಚಿದ್ದ ಬೇನೆ ಈಗ ಹೊರಗೆ ಕಾಣಲು ಇದೂ ಒಂದು ಕಾರಣ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಇದನ್ನು ಕೇಳಿ ಎಲ್ಲರೂ ಗೋದಿ ಬಿಡಬೇಕೆಂದು ತಿಳಿಯಬ್ಯಾಡ್ರಿ. ಪ್ಯಾಟೆಯಲ್ಲಿ ಈಗ ಅದೊಂದು ಹುಚ್ಚು ಹುಟ್ಟಿದೆ. ಬೇನೆ ಇಲ್ಲದವರಿಗೆ ಗೋದಿ ಒಳ್ಳೆಯ ಅನ್ನವೇ.

ಏನು ಉಣ್ಣಬೇಕು?

ಈ ಬೇನೆಗೆ ಔಷಧಿ ಇಲ್ಲ. ಮೊದಲ ಕೆಲವು ತಿಂಗಳು ಕಬ್ಬಿಣ, ಸುಣ್ಣದ ಅಂಶ, ವಿಟಮಿನ್ ಗುಳಿಗೆ ಕೊಡುತ್ತಾರೆ. ಅದು ಕಳೆದುಹೋದದ್ದನ್ನು ತುಂಬಲಿಕ್ಕೆ. ನಿಜವಾದ ಮದ್ದು ಅಡುಗೆ ಮನೆಯಲ್ಲೇ ಇದೆ.

ದಿಲ್ಲಿ, ಪಂಜಾಬದ ತಾಯಂದಿರಿಗೆ ಇದು ದೊಡ್ಡ ಕಷ್ಟ. ಅಲ್ಲಿ ಮೂರು ಹೊತ್ತೂ ಗೋದಿ. ನಮಗೆ ಅಷ್ಟು ಕಷ್ಟ ಇಲ್ಲ. ನಮ್ಮ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಸರಕಾರದ ಜಿ.ಐ. ಗುರುತು ಸಿಕ್ಕಿದೆ, ಅಂದರೆ ಆ ನೆಲದ ಬೆಳೆ ಎಂಬ ಮುದ್ರೆ. ಆ ಜೋಳದಲ್ಲಿ ಗ್ಲುಟೆನ್ ಇಲ್ಲ. ಸಜ್ಜೆಯಲ್ಲಿ ಇಲ್ಲ. ಅಕ್ಕಿ, ರಾಗಿ, ನವಣೆ, ಗೋವಿನಜೋಳ ಇವುಗಳಲ್ಲೂ ಇಲ್ಲ. ತೊಗರಿ, ಹೆಸರು, ಕಡಲೆ, ಶೇಂಗಾ, ಹಾಲು, ಮೊಸರು, ತತ್ತಿ, ಮಾಂಸ, ಕಾಯಿಪಲ್ಯ, ಹಣ್ಣು, ಬೆಲ್ಲ ಯಾವುದಕ್ಕೂ ಅಡ್ಡಿ ಇಲ್ಲ.

ಉಪವಾಸದ ಅಡುಗೆ ನೋಡ್ರಿ. ಸಾಬುದಾಣಿ ಖಿಚಡಿ, ಭಗರ್, ರಾಜಗಿರಿ ಉಂಡಿ, ಶೇಂಗಾ. ಒಂದರಲ್ಲೂ ಗೋದಿ ಇಲ್ಲ. ನಮಗೆ ಉಪವಾಸ, ಅವರಿಗೆ ಹಬ್ಬ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆರಕೆ ಪಲ್ಯ, ಬೆಣ್ಣೆ. ಅದೂ ಆಗುತ್ತದೆ. ಪಂಚಮಿಗೆ ಜೋಳದ ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ ಆಗುತ್ತವೆ. ರವೆ ಉಂಡಿ ಆಗುವುದಿಲ್ಲ, ರವೆ ಅಂದರೆ ಗೋದಿಯೇ. ಹೋಳಿಗೆ ಆಗುವುದಿಲ್ಲ. ಹೂರಣಕ್ಕೆ ದೋಷ ಇಲ್ಲ, ಮೇಲಿನ ಕಣಕಕ್ಕೆ ದೋಷ. ಕಣಕ ಕಟ್ಟುವ ಮೊದಲೇ ಹೂರಣ ತೆಗೆದಿಟ್ಟು ತುಪ್ಪ ಹಾಕಿ ಕೊಡ್ರಿ. ಅಕ್ಕಿ ಹಿಟ್ಟಿನಲ್ಲಿ ಕಡಬು ಮಾಡಿದರೆ ಇನ್ನೂ ಚೆಂದ.

ಮೋಸ ಎಲ್ಲಿ ಆಗುತ್ತದೆ?

"ಗೋದಿ ಬಿಟ್ಟೇವ್ರಿ, ಆದ್ರೂ ಕಮ್ಮಿ ಆಗವಲ್ದು" ಎಂದು ನನ್ನ ಹತ್ತಿರ ಬರುವವರು ಬಹಳ. ಚಪಾತಿ ಬಿಟ್ಟಿರುತ್ತಾರೆ, ಗೋದಿ ಬೇರೆ ವೇಷದಲ್ಲಿ ಹೊಟ್ಟೆ ಸೇರುತ್ತಿರುತ್ತದೆ. ಮೈದಾ ಗೋದಿ. ಶಿರಾ, ಉಪ್ಪಿಟ್ಟು, ಶಾವಿಗೆ, ಬ್ರೆಡ್, ಪಾವ್, ಟೋಸ್ಟ್, ಖಾರಿ, ಸಮೋಸಾ, ಎಲ್ಲ ಗೋದಿಯ ಮಕ್ಕಳು. ಮಕ್ಕಳ ಹಾಲಿಗೆ ಹಾಕುವ ಮಾಲ್ಟ್ ಪುಡಿಯಲ್ಲಿ ಬಹಳ ಸಲ ಬಾರ್ಲಿ, ಗೋದಿ ಇರುತ್ತವೆ. ಚೈನೀಸ್ ಗಾಡಿಯ ಕರಿ ಸಾಸಿನಲ್ಲೂ ಗೋದಿ ಇರುತ್ತದೆ. ಗಂಡಸರಿಗೆ ಒಂದು ಮಾತು: ಬಿಯರ್ ಮಾಡುವುದು ಬಾರ್ಲಿಯಿಂದ.

ಇನ್ನೊಂದು ಇಂಗು. ನೀವು ನಂಬುವುದಿಲ್ಲ. ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗು ಬರೀ ಇಂಗು ಅಲ್ಲ. ಅದಕ್ಕೆ ಹಿಟ್ಟು ಬೆರೆಸಿರುತ್ತಾರೆ. ಕೆಲವರು ಅಕ್ಕಿ ಹಿಟ್ಟು ಹಾಕುತ್ತಾರೆ, ಕೆಲವರು ಗೋದಿ ಹಿಟ್ಟು ಅಥವಾ ಮೈದಾ. ಸಾರಿಗೆ ಒಂದು ಚಿಟಿಕೆ ಬಿದ್ದರೆ ಸಾಕು, ಗೋದಿ ಬಂತು.

ಖಪಲಿ ಗೋದಿಯದು ದೊಡ್ಡ ಮೋಸ. ಜವೆಗೋದಿ, ಸದಕ ಅಂತಲೂ ಕರೆಯುತ್ತಾರೆ. "ಇದು ಹಳೆ ತಳಿ, ಆರೋಗ್ಯಕ್ಕ ಚಲೋ, ಇದು ನಡೀತೈತಿ" ಎಂದು ಹೇಳುವವರು ಇದ್ದಾರೆ. ಸಕ್ಕರೆ ಬೇನೆಯವರ ಮಾತು ಬೇರೆ ಇರಬಹುದು. ಸಿಲಿಯಾಕಿಗೆ ಅದು ನಡೆಯುವುದಿಲ್ಲ. ಖಪಲಿಯೂ ಗೋದಿಯೇ, ಅದರಲ್ಲೂ ಗ್ಲುಟೆನ್ ಇದೆ.

ಎಲ್ಲಕ್ಕಿಂತ ದೊಡ್ಡ ಕುತ್ತು ಗಿರಣಿ. ನೀವು ಹಸನು ಮಾಡಿದ ಜೋಳ ಒಯ್ಯುತ್ತೀರಿ. ನಿಮ್ಮ ಮುಂದಿನವರು ಗೋದಿ ಬೀಸಿಸಿ ಹೋಗಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಕೊಳವೆಯಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದ ಗೋದಿ ಹಿಟ್ಟು ನಿಮ್ಮ ಡಬ್ಬಿಗೆ ಬರುತ್ತದೆ. ಜೋಳದ ರೊಟ್ಟಿಯನ್ನೇ ಉಂಡರೂ ಹುಡುಗಿ ಸೊರಗುತ್ತಾಳೆ. "ಇಷ್ಟೇ ಇಷ್ಟು ಹಿಟ್ಟು ಏನು ಮಾಡತೈತಿ?" ಅನ್ನಬ್ಯಾಡ್ರಿ. ಚಪಾತಿಯ ಒಂದು ಸಣ್ಣ ಚೂರು ದಿನಾ ಹೊಟ್ಟೆಗೆ ಹೋದರೂ ಕರುಳು ವಾಸಿ ಆಗುವುದಿಲ್ಲ.

ಇದಕ್ಕೆ ಏನು ಮಾಡಬೇಕು? ಅಜ್ಜಿಯ ಬೀಸುವ ಕಲ್ಲು ಅಟ್ಟದ ಮೇಲೆ ಇದ್ದರೆ ಇಳಿಸ್ರಿ, ಚೆನ್ನಾಗಿ ತೊಳೆದು ಒಣಗಿಸ್ರಿ. ನಮ್ಮ ಓಣಿಯ ಬಚತ ಗಟದವರು ಸಾಲ ತೆಗೆದು ಒಂದು ಸಣ್ಣ ಮನೆಗಿರಣಿ ತಂದರು. ಅದರಲ್ಲಿ ಗೋದಿ ಹಾಕುವುದಿಲ್ಲ ಎಂದು ಗೋಡೆಯ ಮೇಲೆ ಬರೆದರು. ಬರೆದವಳು ನಿಮ್ಮ ಹಾಗೆ ಹೋದ ವರ್ಷ ಅಕ್ಷರ ಕಲಿತವಳು. ಎರಡೂ ಆಗದಿದ್ದರೆ ಗಿರಣಿಯವರಿಗೆ ಕೈಮುಗಿದು ಕೇಳ್ರಿ. ಗಿರಣಿ ಝಾಡಿಸಿ ಒರೆಸಿದ ದಿನ ಮುಂಜಾನೆ ಮೊದಲ ಪಾಳಿ ನಿಮಗೆ ಕೊಡಲಿ. ಮೊದಲು ಒಂದೆರಡು ಕಿಲೋ ನಿಮ್ಮ ಜೋಳ ಹಾಕಿಸಿ, ಆ ಹಿಟ್ಟನ್ನು ಮನೆಯ ಉಳಿದವರಿಗೆ ಇಡ್ರಿ. ಆಮೇಲೆ ಬಂದ ಹಿಟ್ಟು ಬೇನೆಯವರಿಗೆ. ಇದೂ ಪೂರ್ತಿ ಭರವಸೆಯ ದಾರಿ ಅಲ್ಲ. ಆದ್ದರಿಂದ ಇದು ಕೊನೆಯ ದಾರಿ.

ಮನೆಯಲ್ಲಿ ಜೋಳದ ಹಿಟ್ಟಿಗೆ ಬೇರೆ ಡಬ್ಬಿ, ಬೇರೆ ಜರಡಿ, ಬೇರೆ ಪರಾತ. ರೊಟ್ಟಿ ಮೊದಲು ಮಾಡ್ರಿ, ಚಪಾತಿ ಆಮೇಲೆ. ತವಾ ಬೇರೆ ಇದ್ದರೆ ಇನ್ನೂ ಒಳ್ಳೆಯದು. ಸಮೋಸಾ ಕರಿದ ಎಣ್ಣೆಯಲ್ಲಿ ಅವರ ಹಪ್ಪಳ ಕರಿಯಬ್ಯಾಡ್ರಿ.

ಪಾಕೀಟು ಓದೋಣ

ನೀವು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡ್ ಓದಲಿಕ್ಕೆ, ಸಹಿ ಮಾಡಲಿಕ್ಕೆ ಮಾತ್ರ ಅಲ್ಲ. ಪಾಕೀಟಿನ ಹಿಂದೆ ಇರುವೆಯಂಥ ಅಕ್ಷರ ಇರುತ್ತವೆ. ಅಲ್ಲಿ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತಾರೆ. ಗೋದಿ ಇದ್ದರೆ ಹೇಳಲೇಬೇಕೆಂದು ಸರಕಾರದ ಕಾಯ್ದೆ ಇದೆ. ನಮ್ಮ ಕಡೆ ಸಿಗುವ ಪಾಕೀಟಿನ ಮೇಲೆ ಕನ್ನಡ ಇರುವುದು ಕಡಿಮೆ. ಇಂಗ್ಲಿಷ್ ಇರುತ್ತದೆ, ಒಮ್ಮೊಮ್ಮೆ ಹಿಂದಿ, ಮರಾಠಿ ಇರುತ್ತವೆ. ಮರಾಠಿಯಲ್ಲಿ 'ಗಹೂ', ಎರಡೇ ಅಕ್ಷರ. ನಿಮ್ಮ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರಲ್ಲ, ಅವರನ್ನು ಕೇಳ್ರಿ, ಬರೆದು ತೋರಿಸುತ್ತಾರೆ. ಇಂಗ್ಲಿಷಿನಲ್ಲಿ 'ವ್ಹೀಟ್', ಐದು ಅಕ್ಷರ. ಮೊದಲನೆಯ ಅಕ್ಷರ ಎರಡು ಗುಡ್ಡ ತಲೆಕೆಳಗೆ ಮಾಡಿದಂತೆ ಇರುತ್ತದೆ. ಗುರುಗಳು ಈಗ ಹಲಗೆಯ ಮೇಲೆ ಬರೆಯುತ್ತಾರೆ. ಅದರ ಚಿತ್ರವನ್ನು ಕಣ್ಣಲ್ಲಿ ಇಟ್ಟುಕೊಳ್ಳಿ.

ಹಸಿರು ಚುಕ್ಕೆ ನೋಡಿ ಮೋಸ ಹೋಗಬ್ಯಾಡ್ರಿ. ಮಾಂಸ ಇಲ್ಲ ಎಂದಷ್ಟೇ ಅದರ ಅರ್ಥ. 'ಗ್ಲುಟೆನ್ ಫ್ರೀ' ಎಂದು ಬರೆದಿದ್ದರೆ, ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬ ನಿಯಮ ಇದೆ. ಆದರೆ ಅಂಥ ಪಾಕೀಟಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ರೊಟ್ಟಿ, ಶೇಂಗಾ ಚಟ್ನಿ ಇರುವಾಗ ಅದರ ಗೊಡವೆ ಯಾಕೆ?

ಉಳಿದವರು ಏನು ಮಾಡಬೇಕು?

ಈ ಬೇನೆಯಲ್ಲಿ ಹಿಟ್ಟಿಗಿಂತ ಜನರ ಬಾಯಿಯದೇ ತ್ರಾಸು ಹೆಚ್ಚು. "ಒಂದು ತುತ್ತು ತಿಂದ್ರ ಏನಾಗತೈತಿ?" "ದೇವರ ಪ್ರಸಾದ ಒಲ್ಲೆ ಅಂತಾರೇನು?" ಪ್ರಸಾದ ಶಿರಾ ಆಗಿದ್ದರೆ ಕಣ್ಣಿಗೆ ಒತ್ತಿಕೊಂಡು ಪಕ್ಕದವರಿಗೆ ಕೊಡಲಿ, ಕೈ ತೊಳೆಯಲಿ. ಬಾಳೆಹಣ್ಣು, ಕೊಬ್ಬರಿ, ಸಕ್ಕರೆ ಪ್ರಸಾದ ಅಲ್ಲವೇ?

ಜತ್ತ ಕಡೆಯ ಒಬ್ಬ ರೈತರು ಇದ್ದಾರೆ, ಐವತ್ತು ದಾಟಿದವರು. ಬೇನೆ ಇದೆ ಎಂದು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಮದುವೆಗೆ ಹೋದರೆ ಎಲ್ಲರ ಜೊತೆ ಕೂತು ಉಂಡು ಬಂದು ವಾರ ಮಲಗುತ್ತಿದ್ದರು. ಅವರ ಹೆಂಡತಿ ಒಂದು ದಾರಿ ಹುಡುಕಿದರು. ಕಡಕ ರೊಟ್ಟಿ ಎಷ್ಟೋ ದಿನ ಕೆಡುವುದಿಲ್ಲವಲ್ಲ. ಒಂದು ಬಟ್ಟೆಯಲ್ಲಿ ರೊಟ್ಟಿ, ಒಂದು ಡಬ್ಬಿಯಲ್ಲಿ ಚಟ್ನಿ ಕಟ್ಟಿ ಕೊಡುತ್ತಾರೆ. ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋದಾಗ ಅದನ್ನೇ ಉಂಡರು. ಜೊತೆಗೆ ನಡೆಯುವವರು ಚಟ್ನಿ ಕೇಳಿ ಕೇಳಿ ತಿಂದರಂತೆ. ಈಗ ಅವರ ನಾಚಿಕೆ ಹೋಗಿದೆ.

ನಿಮ್ಮ ಮನೆಯಲ್ಲಿ ಮದುವೆ ಇದ್ದರೆ, ಇಂಥವರು ಬರುವವರಿದ್ದರೆ, ಆಚಾರಿಗೆ ಮೊದಲೇ ಹೇಳ್ರಿ. ಅನ್ನ, ಸಾರು, ಒಂದು ಪಲ್ಯ ಬೇರೆ ಪಾತ್ರೆಯಲ್ಲಿ, ಡಬ್ಬಿ ಇಂಗು ಹಾಕದೆ ತೆಗೆದಿಡಲಿ. ಅಷ್ಟು ಸಾಕು. ಎಲ್ಲರ ಎದುರು "ಅಯ್ಯ ಪಾಪ" ಅನ್ನಬ್ಯಾಡ್ರಿ. ಶಾಲೆಯ ಗುರುಗಳಿಗೆ, ಅಂಗನವಾಡಿ ಬಾಯಿಗೆ ಚೀಟಿ ಬರೆದು ಕೊಡ್ರಿ. ನೀವೇ ಬರೀರಿ: 'ನಮ್ಮ ಮಗುವಿಗೆ ಗೋದಿ, ರವೆ, ಮೈದಾ, ಬಿಸ್ಕೀಟು ಕೊಡಬೇಡಿ. ಡಾಕ್ಟರು ಹೇಳಿದ್ದಾರೆ.' ಹುಟ್ಟುಹಬ್ಬದ ದಿನ ಶಾಲೆಯಲ್ಲಿ ಕೇಕು ಹಂಚಿದಾಗ ಆ ಕೂಸಿನ ಕೈಯಲ್ಲಿ ಶೇಂಗಾ ಚಿಕ್ಕಿ ಇರಲಿ. ಬರಿಗೈಯಲ್ಲಿ ನೋಡುತ್ತಾ ನಿಲ್ಲುವುದು ದೊಡ್ಡವರಿಗೇ ಕಷ್ಟ.

ಹೆಣ್ಣುಮಕ್ಕಳ ಲಗ್ನದ ಮಾತು. ನನ್ನ ಅಕ್ಕನ ಮಗಳನ್ನು ನೋಡಲು ಬಂದಾಗ, "ಹೇಳಬ್ಯಾಡ್ರಿ, ಲಗ್ನ ಆದಮ್ಯಾಲೆ ನೋಡೂಣು" ಎಂದು ಹಿರಿಯರೊಬ್ಬರು ಅಂದರು. ಹುಡುಗಿ ಒಪ್ಪಲಿಲ್ಲ. ಚಹಾ ಕೊಡುವಾಗ ತಾನೇ ಹೇಳಿದಳು. ಮೊದಲ ಮನೆಯವರು ಎದ್ದು ಹೋದರು. ಎರಡನೆಯವರೂ ಹೋದರು. ಮೂರನೆಯ ಮನೆಯ ಅತ್ತೆ, "ನಮ್ಮ ಮನ್ಯಾಗ ಎರಡೂ ಹೊತ್ತು ಜ್ವಾಳದ ರೊಟ್ಟಿನೇ, ಬರ್ಲಿ ಬಿಡ್ರಿ" ಅಂದರು.

ಆದರೂ ಮೊದಲ ಪಂಚಮಿಗೆ ಆ ಅತ್ತೆಯೇ ಪ್ರೀತಿಯಿಂದ ಒಂದು ಹೋಳಿಗೆ ಬಾಯಿಗೆ ಇಟ್ಟರು. ಸೊಸೆಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಮೂರು ದಿನ ವಾಂತಿ, ಭೇದಿ. ಅತ್ತೆ ಹೆದರಿ ನನಗೆ ಫೋನ್ ಮಾಡಿದರು. ನಾನು ಹೋಗಿ ಅವರ ಅಡುಗೆ ಮನೆಯಲ್ಲಿ ಕೂತು, ಟವೆಲ್ ಹಿಡಿದು, ಈಗ ನಿಮಗೆ ಹೇಳಿದ್ದನ್ನೇ ಹೇಳಿದೆ. ಅವತ್ತಿನಿಂದ ಅವರ ಮನೆಯಲ್ಲಿ ಅತ್ತೆಯೇ ಪೊಲೀಸ್. ಬೀಗರ ಮನೆಗೆ ಹೋದರೆ, "ಇಂಗು ಹಾಕೀರೇನ್ರಿ?" ಎಂದು ಸೊಸೆಗಿಂತ ಮೊದಲು ಅವರೇ ಕೇಳುತ್ತಾರೆ. ಈಗ ಆ ಮನೆಯಲ್ಲಿ ಎರಡು ವರ್ಷದ ಕೂಸು ಇದೆ. ಕೂಸಿನ ಪರೀಕ್ಷೆ ಯಾವಾಗ ಮಾಡಿಸಬೇಕು ಎಂದು ಡಾಕ್ಟರನ್ನು ಕೇಳಿದ್ದಾರೆ.

ಹೊಸದಾಗಿ ಬೇನೆ ತಿಳಿದ ಮನೆಗೆ ಮೊದಲ ತಿಂಗಳು ಯಾರಾದರೂ ಹೋಗಬೇಕು. ಆ ತಾಯಿ ಏನು ಅಡುಗೆ ಮಾಡಲಿ ಎಂದು ದಿಕ್ಕು ತಪ್ಪಿ ಕೂತಿರುತ್ತಾಳೆ. ಉಪದೇಶ ಬೇಡ. ಒಂದು ಸೇರು ಶುದ್ಧ ಜೋಳದ ಹಿಟ್ಟು ಒಯ್ಯಿರಿ. ಜೊತೆಗೆ ಕೂತು ಡಬ್ಬಿಗಳನ್ನು ಬೇರೆ ಮಾಡಿ, ಚೀಟಿ ಅಂಟಿಸಿ ಬರ್ರಿ. ನನ್ನ ಅಕ್ಕನ ಮಗಳು ಈಗ ಹೀಗೆ ನಾಲ್ಕು ಮನೆಗೆ ಹೋಗುತ್ತಾಳೆ.

ನಿಮ್ಮ ಪ್ರಶ್ನೆ

ಮಾತು ಶುರು ಆಗುವ ಮೊದಲೇ ಕೆಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಟ್ಟಿದ್ದಾರೆ. ಅಕ್ಷರ ಚೆಂದ ಬಂದಿವೆ.

'ಗೋದಿ ಹೊಟ್ಟು ತಿಂದ ಎಮ್ಮೆಯ ಹಾಲು ಕುಡಿಯಬಹುದೇ?' ಕುಡಿಯಬಹುದು. ಹಾಲಿನಲ್ಲಿ ಗೋದಿ ಬರುವುದಿಲ್ಲ. ಆದರೆ ಬೇನೆ ತಿಳಿದ ಹೊಸದರಲ್ಲಿ ಕೆಲವರಿಗೆ ಹಾಲು ಅರಗುವುದಿಲ್ಲ. ಕರುಳು ಸುಧಾರಿಸಿದ ಮೇಲೆ ಅರಗುತ್ತದೆ.

'ಗೋದಿ ಹೊಲದಲ್ಲಿ ಕೂಲಿ ಮಾಡಬಹುದೇ?' ಮಾಡಬಹುದು. ಮುಟ್ಟಿದರೆ ಏನೂ ಆಗುವುದಿಲ್ಲ. ರಾಶಿ ಮಾಡುವಾಗ ಧೂಳು ಬಾಯಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಲಿ. ಉಣ್ಣುವ ಮೊದಲು ಕೈ ಬಾಯಿ ತೊಳೆಯಲಿ.

'ನಾಲ್ಕು ವರ್ಷ ಆಯಿತು, ಆರಾಮ ಇದ್ದೇನೆ. ಈಗ ಚಪಾತಿ ತಿನ್ನಬಹುದೇ?' ಇದನ್ನು ಬರೆದವರು ಯಾರು ಎಂದು ನನಗೆ ಗೊತ್ತು. ಇಲ್ಲ, ತಮ್ಮಾ, ತಿನ್ನಬಾರದು. ನೀನು ಆರಾಮ ಇರುವುದೇ ಗೋದಿ ತಿನ್ನದ್ದಕ್ಕೆ. ತಿಂದರೆ ಹೊರಗೆ ಏನೂ ಕಾಣದಿದ್ದರೂ ಒಳಗೆ ಕರುಳು ಸವೆಯುತ್ತದೆ. ವರ್ಷಕ್ಕೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ ರಕ್ತ ತೋರಿಸು. ವರ್ಗ ಮುಗಿದ ಮೇಲೆ ನನ್ನನ್ನು ಕಂಡು ಹೋಗು.

ಬರುವ ವಾರ ಎಲ್ಲರೂ ಮನೆಯಿಂದ ಒಂದೊಂದು ಖಾಲಿ ಪಾಕೀಟು ತರ್ರಿ. ಬಿಸ್ಕೀಟಿನದು, ಇಂಗಿನದು, ಮಸಾಲೆಯದು, ಯಾವುದಾದರೂ ಆಗಲಿ. ಹರಿದಿದ್ದರೂ ನಡೆಯುತ್ತದೆ, ಹಿಂದಿನ ಬದಿ ಇದ್ದರೆ ಸಾಕು.